ಜೌಗು ಉಳಿಸೋ ಮಾತಲ್ಲಿ ಅಲ್ಲಿ ದುಡಿಯೋರನ್ನ ಮರೀಬೇಡಿ
ಎಲ್ರಿಗೂ ನಮಸ್ಕಾರ, ಜೌಗು ಪ್ರದೇಶ ಉಳೀಬೇಕು ಅಂದ್ರೆ ಜನ್ರನ್ನ ಹೊರಗಿಡ್ಬೇಕು ಅಂತ ಗ್ರೂಪಲ್ಲಿ ಮೆಸೇಜ್ ಬರ್ತಿದೆ, ನಂಗದು ಸರಿ ಅನ್ಸಲ್ಲ. ಒಡಿಶಾದಲ್ಲಿ ಸಮುದ್ರದ ಪಕ್ಕ ಇರೋ ಚಿಲಿಕಾ ಸರೋವರ ನೋಡಿ, ಹೂಳು ತುಂಬಿ ಸಮುದ್ರದ ನೀರು ಒಳಗೆ ಬರೋದು ಕಮ್ಮಿಯಾಗಿ ಕಳೆ ಬೆಳ್ಕೊಂಡು ಮೀನೇ ಸಿಗ್ತಿರ್ಲಿಲ್ಲ, 1993ರಲ್ಲಿ ರಾಮ್ಸಾರ್ ಒಪ್ಪಂದದ (ಜೌಗು ಉಳಿಸೋಕೆ ದೇಶದೇಶಗಳು ಮಾಡ್ಕೊಂಡಿರೋ ಒಪ್ಪಂದ) ಅಪಾಯದ ಪಟ್ಟಿಗೂ ಸೇರ್ತು. 2000ದಲ್ಲಿ ಸಮುದ್ರಕ್ಕೆ ಸೇರೋ ಹೊಸ ಬಾಯಿ (ಅಳಿವೆ) ತೋಡಿದ್ಮೇಲೆ ಮೀನು, ಸಿಗಡಿ, ಏಡಿ ಎಲ್ಲಾ ವಾಪಸ್ ಬಂತು, ಬಲೆ ಹಾಕೋರ ಕೈಲಿ ದುಡ್ಡೂ ಓಡಾಡ್ತು, 2002ರಲ್ಲಿ ಪಟ್ಟಿಯಿಂದ ಹೆಸ್ರು ತೆಗೆದ್ರು. ಸ್ವಂತ ಜಮೀನಿಲ್ದೋರಿಗೆ ಮೀನು, ಜೊಂಡು, ಮೇವೇ ಆಧಾರ ಕಣ್ರೀ. ಅದಕ್ಕೆ ಜೌಗು ಉಳಿಸೋ ಬಗ್ಗೆ ಭಾನುವಾರ ಇರೋ ಮೀಟಿಂಗಿಗೆ ಬರೋ ಮುಂಚೆ ಮೀನು ಹಿಡಿಯೋರ ಹತ್ರ, ಜೊಂಡು ಕೊಯ್ಯೋ ಹೆಂಗಸ್ರ ಹತ್ರ ಮಾತಾಡ್ಕೊಂಡು ಬನ್ನಿ, ಮೀನು ಮೊಟ್ಟೆ ಇಡೋ ಕಾಲದಲ್ಲಿ ಬಲೆ ನಿಲ್ಸಿ ಅಂದ್ರೆ ಆ ದಿನಗಳ ಊಟಕ್ಕೇನು ಅಂತಾನೂ ಕೇಳ್ಕೊಂಡು ಬನ್ನಿ.