ಅಮ್ಮನ ಜೊತೆ ಲಂಡನ್ನಿಗೆ ಬರುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಅಮ್ಮನನ್ನೂ ಕರ್ಕೊಂಡು ಬರ್ತಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಪಕ್ಕದ ಮನೆಯವರ ಪರಿಚಯವೂ ಇಲ್ಲದ ಕಡೆ ಅವರಿಗೆ ಹೊತ್ತು ಹೇಗೆ ಹೋಗುತ್ತೆ ಅಂತ ಕೇಳಿದ್ದೀಯ. ನನ್ನ ಉತ್ತರ ಇಷ್ಟೇ: ಮನೆ ಸಿಕ್ಕ ತಕ್ಷಣ ನಿಮ್ಮ ಪ್ಯಾರಿಷ್ ಚರ್ಚ್, ಅಂದ್ರೆ ನಿಮ್ಮ ಪ್ರದೇಶಕ್ಕೆ ಸೇರಿದ ಚರ್ಚ್, ಯಾವುದು ಅಂತ ನೋಡು. ನಾವು ಹಿಂದೂಗಳು, ನಮಗೆ ಅಲ್ಲೇನು ಕೆಲಸ ಅನ್ನಬೇಡ.

ಇಲ್ಲಿನ ಅಧಿಕೃತ ಚರ್ಚ್ ಆದ ಚರ್ಚ್ ಆಫ್ ಇಂಗ್ಲೆಂಡ್ ಇಡೀ ಇಂಗ್ಲೆಂಡನ್ನು ಪ್ಯಾರಿಷ್‌ಗಳಾಗಿ ಹಂಚಿದೆ. ನಮ್ಮ ಗ್ರಾಮದೇವತೆಗೆ ಊರಿನ ಎಲ್ಲೆ ಇರುತ್ತಲ್ಲ, ಹಾಗೆ. ಆ ಎಲ್ಲೆಯೊಳಗೆ ಇರುವ ಎಲ್ಲರ ಕಷ್ಟಸುಖ ನೋಡಿಕೊಳ್ಳುವ ಹೊಣೆ ವಿಕಾರ್, ಅಂದ್ರೆ ಆ ಪ್ಯಾರಿಷ್‌ನ ಪಾದ್ರಿ, ಅವರದ್ದೇ. ವರ್ಷಕ್ಕೊಮ್ಮೆ ಚರ್ಚ್‌ವಾರ್ಡನ್‌ಗಳನ್ನು, ಅಂದ್ರೆ ಚರ್ಚಿನ ಉಸ್ತುವಾರಿ ನೋಡುವ ಊರಿನವರನ್ನು, ಆರಿಸುವ ಸಭೆಯಲ್ಲಿ, ಅಲ್ಲಿನ ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಮತ ಹಾಕಬಹುದು. ಯಾವ ಧರ್ಮ ಅಂತ ಕೇಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನೀನೂ ಆ ಪಟ್ಟಿಗೆ ಸೇರಬಹುದು, ಗೊತ್ತಾ? ಅದಕ್ಕೇ ಅಲ್ಲಿನ ಆದರ ಬರೀ ಬಾಯುಪಚಾರ ಅಂತ ನನಗೆ ಅನಿಸುವುದಿಲ್ಲ.

ಭಾನುವಾರ ಹೋದರೆ ಬಾಗಿಲಲ್ಲೇ ಯಾರೋ ಹಾಡಿನ ಪುಸ್ತಕ ಕೈಗಿಡುತ್ತಾರೆ. ಪೂಜೆಯ ನಡುವೆ 'ಶಾಂತಿ ನಿಮ್ಮೊಂದಿಗಿರಲಿ' ಅಂತ ಅಕ್ಕಪಕ್ಕದವರು ಕೈ ಕುಲುಕುತ್ತಾರೆ. ಕ್ರೈಸ್ತರಿಗೆ ಪವಿತ್ರವಾದ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಅಮ್ಮ ಕೂತಲ್ಲೇ ಇರಬಹುದು. ಮುಂದೆ ಹೋಗಿ ಎದೆಯ ಮೇಲೆ ಕೈ ಅಡ್ಡ ಕಟ್ಟಿ ನಿಂತರೆ ಬರೀ ಆಶೀರ್ವಾದ ಮಾಡುತ್ತಾರೆ. ವಿಕಾರ್ ಹೆಂಗಸೇ ಆಗಿರಬಹುದು, 1994ರಿಂದ ಇಲ್ಲಿ ಹೆಂಗಸರಿಗೂ ಪಾದ್ರಿ ದೀಕ್ಷೆ ಕೊಡುತ್ತಿದ್ದಾರೆ. ಆಮೇಲೆ ಟೀ, ಬಿಸ್ಕತ್ತು. ನಿಜವಾದ ಪರಿಚಯ ಆಗೋದು ಆಗಲೇ. ಬೇಗ ಎದ್ದು ಬರಬೇಡಿ. ವಯಸ್ಸಾದ ಹೆಂಗಸರು ಅಮ್ಮನನ್ನು ತಾವಾಗಿಯೇ ಮಾತಾಡಿಸುತ್ತಾರೆ, ಇಂಗ್ಲಿಷ್ ಜಾಸ್ತಿ ಬರದಿದ್ದರೂ ಪರವಾಗಿಲ್ಲ. ಶರತ್ಕಾಲದಲ್ಲಿ ಸುಗ್ಗಿ ಹಬ್ಬ ಮಾಡುತ್ತಾರೆ. ಈಗ ಎಷ್ಟೋ ಕಡೆ ಜನ ತಂದ ಬೇಳೆ, ಡಬ್ಬಿ ತಿನಿಸುಗಳನ್ನು, ಕಷ್ಟದಲ್ಲಿರುವವರಿಗೆ ಪುಕ್ಕಟೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಕೊಡುತ್ತಾರೆ. ಆ ಡಬ್ಬಿಗಳನ್ನು ವಿಂಗಡಿಸೋಕೆ ಯಾವಾಗಲೂ ಕೈ ಬೇಕು. ಅಮ್ಮನಂಥ ಚುರುಕಿನವರು ಸುಮ್ನೆ ಕೂರೋದು ಬೇಡ.

ನೀವು ಬಂದ ಮೇಲೆ ಒಂದು ದಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್‌ಗೆ ಹೋಗೋಣ. 1907ರಲ್ಲಿ ಆ ಬಡಾವಣೆ ಶುರುಮಾಡಿದವರು ಹೆನ್ರಿಯೆಟ್ಟಾ ಬಾರ್ನೆಟ್. ಅವರ ಗಂಡ ಪೂರ್ವ ಲಂಡನ್ನಿನ ಬಡವರ ನಡುವೆ ವಿಕಾರ್ ಆಗಿದ್ದವರು. ಬಡವರೂ ಶ್ರೀಮಂತರೂ ಒಂದೇ ಕಡೆ ಇರಬೇಕು, ಮನೆಗಳ ನಡುವೆ ಗೋಡೆ ಬೇಡ, ಗಿಡದ ಬೇಲಿ ಸಾಕು ಅನ್ನೋದು ಆಕೆಯ ಆಸೆ. ಈಗಿನ ಬೆಲೆಗೆ ಬಡವರು ಅಲ್ಲಿ ಮನೆ ಕೊಳ್ಳೋ ಮಾತೇ ಇಲ್ಲ, ಅದು ನನಗೆ ತುಂಬಾ ಬೇಸರದ ಸಂಗತಿ. ಆದರೆ ನಡುವಿನ ಸೇಂಟ್ ಜೂಡ್ಸ್ ಚರ್ಚನ್ನು ನೋಡಲೇಬೇಕು. ಅದರ ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ಲಟ್ಯೆನ್ಸ್, ನಮ್ಮ ರಾಷ್ಟ್ರಪತಿ ಭವನದ ವಿನ್ಯಾಸ ಮಾಡಿದ ಅದೇ ಲಟ್ಯೆನ್ಸ್. ಇಟ್ಟಿಗೆ ಗೋಡೆ, ನೆಲದ ಹತ್ತಿರದವರೆಗೂ ಇಳಿದು ಬರುವ ದೊಡ್ಡ ಮಾಡು. ಮೊದಲ ಮಹಾಯುದ್ಧದಲ್ಲಿ ಸತ್ತ ಕುದುರೆಗಳಿಗೂ ಅಲ್ಲೊಂದು ಸ್ಮಾರಕವಿದೆ, ಅಮ್ಮನಿಗೆ ಮರೆಯದೆ ತೋರಿಸಬೇಕು.

ಒಂದು ಮಾತು: ಹಳೇ ಚರ್ಚುಗಳು ಒಳಗೂ ತಣ್ಣಗಿರುತ್ತವೆ. ಅಮ್ಮನಿಗೆ ದಪ್ಪ ಸ್ವೆಟರು, ಕಾಲುಚೀಲ ತಪ್ಪದೆ ತಾ. ಮನೆ ಗೊತ್ತಾದ ಕೂಡಲೇ ವಿಳಾಸ ಬರಿ, ನಿಮ್ಮ ಪ್ಯಾರಿಷ್ ಯಾವುದು ಅಂತ ನಾನೇ ನೋಡಿ ಹೇಳ್ತೀನಿ.

ನಿನ್ನ ಗೆಳೆಯ