ನಾಯಿಗಳ ಪರವಾಗಿ ಮಾತಾಡುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನೀನು ಪ್ರಾಣಿಗಳ ಶೆಲ್ಟರ್‌ಗೆ ಸೇರಿಕೊಂಡ ಸುದ್ದಿಯನ್ನು ನಿಮ್ಮಮ್ಮ ಹೇಳಿದಳು. ನಾಯಿ ಮುದ್ದಾಡೋಣ ಅಂತ ಹೋದರೆ ಕಕ್ಕ ಬಳಿಯೋಕೆ ಹಚ್ಚಿದ್ದಾರೆ ಅಂತ ನೀನು ಗೊಣಗಿದ್ದೂ ಕಿವಿಗೆ ಬಿತ್ತು. ನಗು ಬಂತು. ಎಲ್ಲರಿಗೂ ಅಲ್ಲಿ ಮೊದಲು ಸಿಗುವುದು ಅದೇ ಕೆಲಸ.

ಆದರೆ ಅದನ್ನು ಹಗುರವಾಗಿ ಕಾಣಬೇಡ. ನಾಯಿಗೆ ಹೊಟ್ಟೆ ಕೆಟ್ಟಿದೆಯೋ, ಜಂತುಹುಳ ಇದೆಯೋ, ರಾತ್ರಿ ಹಾಕಿದ ಊಟ ಹಾಗೇ ಉಳಿದಿದೆಯೋ, ಇದೆಲ್ಲ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ಗೂಡು ತೊಳೆಯುವವರಿಗೆ. ಮರಿಗಳ ಗೂಡು ಮೊದಲು ತೊಳೆ, ಆಮೇಲೆ ಗಟ್ಟಿಮುಟ್ಟಾದ ದೊಡ್ಡ ನಾಯಿಗಳದ್ದು, ಕಾಯಿಲೆ ಬಿದ್ದವುಗಳದ್ದು ಕೊನೆಗೆ. ಮರಿಗಳಿಗೆ ವಾಂತಿ ಭೇದಿ ತಂದು ಪ್ರಾಣಕ್ಕೇ ಕುತ್ತಾಗುವ ಪಾರ್ವೊ ವೈರಸ್ ನಮ್ಮ ಚಪ್ಪಲಿಗೆ ಅಂಟಿಕೊಂಡೇ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಬರೀ ಸೋಪುನೀರಿಗೆ ಜಗ್ಗುವುದಿಲ್ಲ. ಮೊದಲು ಕೊಳೆಯೆಲ್ಲ ತೆಗೆದು, ಆಮೇಲೆ ಬ್ಲೀಚ್ ಬೆರೆಸಿದ ನೀರು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಕೊಳೆಯ ಮೇಲೇ ಸುರಿದರೆ ಬ್ಲೀಚ್ ದಂಡ.

ತೊಳೆಯುವಾಗ ಕಣ್ಣು ನಾಯಿಯ ಮೇಲಿರಲಿ, ಆದರೆ ದಿಟ್ಟಿಸಿ ನೋಡಬೇಡ. ಹೊಸದಾಗಿ ಬಂದ ನಾಯಿ ಮೂಲೆ ಹಿಡಿದು ಕೂತಿರುತ್ತದೆ. ನೀನು ಹತ್ತಿರ ಹೋದ ಹಾಗೆ ಒಮ್ಮೆ ತುಟಿ ನೆಕ್ಕುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಮುಖ ಆ ಕಡೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವಷ್ಟು ಓರೆಯಾಗಿ ನಿನ್ನನ್ನೇ ನೋಡುತ್ತದೆ. ಅದು ಸೊಕ್ಕಲ್ಲ, ಭಯ. ಅಲ್ಲೇ ನಿಂತುಬಿಡು. ಪಕ್ಕಕ್ಕೆ ತಿರುಗಿ ಸುಮ್ನೆ ಕೂತುಕೋ, ಅದಾಗಿಯೇ ಬಂದು ಮೂಸಲಿ. ಬಾಲ ಅಲ್ಲಾಡಿಸಿದ್ದೆಲ್ಲ ಸಂತೋಷ ಅಂತ ನಂಬಬೇಡ. ಮೈ ಸೆಟೆದು, ಬಾಲ ಮೇಲೆತ್ತಿ ಬಿಗಿಯಾಗಿ ಆಡಿಸುತ್ತಿದ್ದರೆ ದೂರ ಇರುವುದೇ ಮೇಲು. ಇನ್ನು, ಗುರ್ರೆಂದ ನಾಯಿಗೆ ಗದರಬೇಡ. ಗುರ್ರೆನ್ನುವುದು ಅದು ಕೊಡುವ ಎಚ್ಚರಿಕೆ. ಗದರಿ ಗದರಿ ಅದನ್ನು ಬಿಡಿಸಿದರೆ ಮುಂದಿನ ಸಲ ಸದ್ದೇ ಇಲ್ಲದೆ ಕಚ್ಚುತ್ತದೆ.

ಹೀಗೆ ನೋಡಿ ತಿಳಿದದ್ದನ್ನು ದತ್ತು ಕೇಳಿ ಬರುವವರಿಗೆ ಮುಚ್ಚಿಡದೆ ಹೇಳು. ಪಾಪ, ಹೇಗಾದರೂ ಒಂದು ಮನೆ ಸಿಗಲಿ ಅಂತ, ಮಕ್ಕಳನ್ನು ಕಂಡರೆ ಹೆದರುವ ನಾಯಿಯನ್ನು 'ಬಹಳ ಸಾಧು' ಅಂತ ಹೇಳಿ ಕಳಿಸುವವರಿದ್ದಾರೆ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಆ ನಾಯಿ ಮಗುವಿಗೆ ಕಚ್ಚಿ ಶೆಲ್ಟರ್‌ಗೆ ವಾಪಸ್ ಬಂದರೆ ಇನ್ನೊಂದು ಮನೆ ಸಿಗುವುದು ಎಷ್ಟು ಕಷ್ಟ ಗೊತ್ತಾ?

ಬೀದಿನಾಯಿಗಳ ವಿಷಯಕ್ಕೆ ಯಾರಾದರೂ ನಿನ್ನ ಜೊತೆ ಜಗಳಕ್ಕೆ ಬರುತ್ತಾರೆ, ಬಂದೇ ಬರುತ್ತಾರೆ. ಮೊದಲು ಅವರ ಮಾತನ್ನು ಪೂರ್ತಿ ಕೇಳು. ನಾಯಿಗೆ ಹೆದರುವವರೆಲ್ಲ ಕಟುಕರಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆ, ಸಾಯುವವರಲ್ಲಿ ನೂರಕ್ಕೆ ಸುಮಾರು 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡು. ಆಮೇಲೆ ಹೇಳು: ಒಂದು ಜಾಗದ ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ರೇಬೀಸ್ ಹರಡುವುದು ನಿಲ್ಲುತ್ತದೆ. ಲಸಿಕೆ ಆದ ನಾಯಿಗಳನ್ನೇ ಹಿಡಿದು ಸಾಗಿಸಿದರೆ ಆ ಜಾಗಕ್ಕೆ ಲಸಿಕೆ ಆಗದ ಬೇರೆ ನಾಯಿಗಳು ಬರುತ್ತವೆ. ಮಗುವಿನ ಬಗ್ಗೆ ಚಿಂತೆ ಇರುವ ತಾಯಿಗೆ ದಯೆಯ ಪಾಠಕ್ಕಿಂತ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅವಳೇ ನಾಳೆ ಲಸಿಕೆಯ ದಿನ ನಾಯಿಗಳನ್ನು ಹಿಡಿಯಲು ಜೊತೆ ನಿಂತರೂ ನಿಂತಾಳು.

ಶೆಲ್ಟರ್ ಒಳಗೂ ಬಾಯಿ ಬಿಡಬೇಕಾದ ದಿನ ಬರುತ್ತದೆ. ನೀರಿನ ಬಟ್ಟಲು ಒಣಗಿದ್ದರೆ, ಗಾಯಕ್ಕೆ ಔಷಧ ಬೀಳದಿದ್ದರೆ, ದಿನ, ಹೊತ್ತು, ಗೂಡಿನ ನಂಬರ್ ಬರೆದಿಟ್ಟುಕೊಂಡು ಉಸ್ತುವಾರಿಯವರಿಗೆ ನೇರವಾಗಿ ಹೇಳು. ಅವರು ಕೇಳದಿದ್ದರೆ ಅವರ ಮೇಲಿನವರಿಗೆ ಹೇಳು. ಫೋಟೋ ಹಾಕಿ ಊರೆಲ್ಲ ಸಾರುವುದು ಕೊನೆಯ ದಾರಿ. ಬಹಳಷ್ಟು ಕಡೆ ಕಾರಣ ಕ್ರೌರ್ಯ ಅಲ್ಲ, ಕೈ ಸಾಲದಿರುವುದು.

ಒಂದು ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳುವುದಿಲ್ಲ. ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೋ. ಹಾಕಿಸಿಕೊಂಡಿದ್ದರೂ, ಹಲ್ಲೋ ಉಗುರೋ ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗು. 'ಚಿಕ್ಕ ಗೀರು ಅಷ್ಟೇ' ಅಂತ ನಿಮ್ಮಮ್ಮನಿಗೆ ಹೇಳಬಹುದು, ನನಗಲ್ಲ.

ಹಳೇ ಟವೆಲ್, ಹೊದಿಕೆ ಒಂದಷ್ಟು ಎತ್ತಿಟ್ಟಿದ್ದೇನೆ. ಗುಂಡಿ, ಜಿಪ್ ಇರುವುದನ್ನು ಆರಿಸಿ ತೆಗೆದಿದ್ದೇನೆ, ನಾಯಿಗಳು ಕಿತ್ತು ನುಂಗಿಬಿಡುತ್ತವೆ. ಬಂದು ತಗೊಂಡು ಹೋಗು.

ಇಂತಿ ನಿನ್ನ
ದೊಡ್ಡಮ್ಮ