ಮಾಗಡಿ ಕೆರೆಯ ಬಾತುಗಳನ್ನು ಮಲಗಲು ಬಿಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ಸೇರಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿದ್ದೆವು. (ಕೆಂಪೇಗೌಡರ ಮಾಗಡಿ ಅಲ್ಲ, ಇದು ಗದಗ ಜಿಲ್ಲೆಯದು.) ನೀರಿನ ತುಂಬ ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ, ಹಿಂದೆ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಈ ಮಳೆನೀರಿನ ಕೆರೆ ಹುಡುಕಿಕೊಂಡು ಬರುತ್ತವೆ ಅಂದ್ರೆ ಸುಮ್ನೆ ಮಾತಲ್ಲ.

ಆಗ ಮಧ್ಯಾಹ್ನ. ಹಕ್ಕಿಗಳು ಅಲ್ಲಾಡದೆ ಕೂತಿದ್ದವು. ಪಕ್ಕದಲ್ಲೇ ಕಾರು ನಿಲ್ಲಿಸಿದ ಹುಡುಗರ ಗುಂಪೊಂದಕ್ಕೆ ಅವು ಹಾರೋದು ವಿಡಿಯೋದಲ್ಲಿ ಬರಬೇಕಿತ್ತಂತೆ, ಒಬ್ಬ ಕಲ್ಲು ಎಸೆದ. ಇಡೀ ಹಿಂಡು ಎದ್ದು ಒಂದು ಸುತ್ತು ಹಾಕಿ ಮತ್ತೆ ಇಳಿಯಿತು. ಮತ್ತೆ ಕಲ್ಲು. ಮೂರನೇ ಸಲಕ್ಕೆ ಏರಿ ಮೇಲಿದ್ದ ರೈತರೊಬ್ಬರು ತಡೆಯಲಾರದೆ ಅಂದರು, "ರಾತ್ರಿ ಪಾಳಿ ಮುಗಿಸಿ ಬಂದಾವ್ರೀ ಅವು, ಮಲ್ಕೊಳ್ಳಾಕ ಬಿಡ್ರಿ."

ಮಾತು ನಿಜ. ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಹೋಗಿ ಕಡಲೆ, ಶೇಂಗಾ ಮೇಯುತ್ತವೆ, ಹಗಲು ನೀರಿನ ಮೇಲೆ ವಿಶ್ರಾಂತಿ. ಫೆಬ್ರುವರಿ, ಮಾರ್ಚ್‌ನಲ್ಲಿ ವಾಪಸ್ ಹೊರಡುವ ಮೊದಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಸುಮ್ಮನೆ ಎಬ್ಬಿಸಿದಷ್ಟೂ ಅದು ಕರಗುತ್ತದೆ, ಆಮೇಲೆ ಅದನ್ನು ತುಂಬಿಕೊಳ್ಳಲು ಜಾಸ್ತಿ ತಿನ್ನೋದು ಯಾರ ಕಡಲೆ ಹೇಳಿ? ಅದೇ ರೈತರದ್ದು ಅಲ್ವಾ?

ವಾಪಸ್ ಬರುವಾಗ ಕಪ್ಪತಗುಡ್ಡದ ಬುಡದಲ್ಲಿ ನಿಂತೆವು. ಅಪರೂಪದ ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ, 2019ರಿಂದ ವನ್ಯಜೀವಿ ಧಾಮ. ಬೇರೆಯವರನ್ನು ದೂರುತ್ತಿದ್ದ ನಮ್ಮ ಕಾರಿನಲ್ಲೇ ಒಂದು ಗಿಡ ಬೇರು ಸಮೇತ ಸಿಕ್ಕಿತು! ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ನನ್ನ ಭಾವಮೈದುನ ಕಿತ್ತಿದ್ದ. ಬೈದು ಅಲ್ಲೇ ನೆಡಿಸಿದೆ, ಬದುಕಿತೋ ಇಲ್ವೋ.

2024ರಲ್ಲಿ ನಮ್ಮ ರಾಜ್ಯದ್ದೇ ಆದ ಅಂಕಸಮುದ್ರದ ಹಕ್ಕಿಗಳ ಕೆರೆ, ಅಘನಾಶಿನಿ ಅಳಿವೆ ಜೊತೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ. ಹೆಸರು ಬಂದ ಮೇಲೆ ಜನ ಹೋಗೇ ಹೋಗುತ್ತಾರೆ, ನಾನೂ ಹಾಗೇ ಹೋದವನು. ಅದಕ್ಕೇ ಅರಣ್ಯ ಇಲಾಖೆ ಚಳಿಗಾಲದ ಭಾನುವಾರಗಳಲ್ಲಾದರೂ ಏರಿ ಮೇಲೆ ಒಬ್ಬ ಕಾವಲುಗಾರನನ್ನು ನಿಲ್ಲಿಸಲಿ, ಗಾಡಿಗಳನ್ನು ದೂರದಲ್ಲೇ ತಡೆಯಲಿ, "ಹಗಲು ಇವು ಮಲಗುತ್ತವೆ" ಅಂತ ದೊಡ್ಡದಾಗಿ ಒಂದು ಬೋರ್ಡ್ ಬರೆಸಲಿ. ಮೇಯಿಸಿಕೊಂಡ ಹೊಲದವರಿಗೆ ಪರಿಹಾರವನ್ನೂ ಬೇಗ ಕೊಡಲಿ.

ಹಾರೋದನ್ನು ನೋಡಲೇಬೇಕು ಅನ್ನುವವರು ಸಂಜೆ ಹೋಗಿ. ಹೊತ್ತು ಮುಳುಗುವಾಗ ತಾವಾಗೇ ಏಳುತ್ತವೆ.

– ಒಬ್ಬ ಓದುಗ, ಹುಬ್ಬಳ್ಳಿ